ಹಳದಿ ಸ್ಪ್ಯಾನರ್

ಹೇಮಾವತಿಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಸ್ಪ್ಯಾನರ್ ಗುರುತು ಹೊತ್ತಿಕೊಂಡಿದ್ದು ಒಂದು ಸೋಮವಾರ ಸಂಜೆ, ಅಂಬಾರಗೋಡ್ಲು ದಾಟಿ ಸೇತುವೆ ಹತ್ತುವ ಹೊತ್ತಿಗೆ. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿದಳು. ಸ್ಪ್ಯಾನರ್ ಹೋಗಲಿಲ್ಲ. ಕಾರು ಮಾತ್ರ ತನಗೇನೂ ಆಗಿಲ್ಲ ಎನ್ನುವಂತೆ ಬ್ಯಾಕೋಡಿನ ಮನೆ ಬಾಗಿಲವರೆಗೂ ಬಂತು. ಅವಳು ಸುಮ್ಮನಿದ್ದಿದ್ದರೆ ಮುಂದಿನ ರಾಮಾಯಣ ಯಾವುದೂ ಇರುತ್ತಿರಲಿಲ್ಲ. ಆದರೆ ಹೇಮಾವತಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಊಟಕ್ಕೆ ಕೂತಾಗ ಹೇಳಿಬಿಟ್ಟಳು.

“ಗಾಡಿಯಲ್ಲಿ ಒಂದು ದೀಪ ಹತ್ತಿದೆ. ಸ್ಪ್ಯಾನರ್ ಥರ. ಸರ್ವೀಸ್‌ಗೆ ಅಂತ ಕಾಣ್ತದೆ. ದಾರೀಲೇ ಫೋನ್ ಮಾಡಿದ್ದೆ, ಇಪ್ಪತ್ತೆರಡನೇ ತಾರೀಖಿಗೆ ಬರಕ್ಕೆ ಹೇಳಿದಾರೆ.”

ಅವಳ ಗಂಡ ಉಮೇಶ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಅವನ ಹುಬ್ಬು ಎಷ್ಟು ತೊಳೆದರೂ ಬೆಳ್ಳಗೇ ಇರುತ್ತಿತ್ತು. “ಇಪ್ಪತ್ತೆರಡಕ್ಕಾ? ಇನ್ನೂ ಮೂರು ವಾರ ಐತೆ. ಅಲ್ಲೀವರೆಗೆ ಕೆಟ್ಟ ಗಾಡಿ ಓಡಿಸ್ತೀಯಾ?”

“ಕೆಟ್ಟಿಲ್ಲ ರೀ. ಚೆನ್ನಾಗೇ ಓಡ್ತದೆ.”

“ಚೆನ್ನಾಗಿದ್ರೆ ದೀಪ ಯಾಕೆ ಹತ್ತತ್ತೆ? ಸುಮ್ನೆ ಚಂದಕ್ಕೆ ಹತ್ತತ್ತಾ?”

ಅತ್ತೆ ದುರ್ಗಮ್ಮ ಮೀನು ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. “ಕೆಂಪು ದೀಪನಾ, ಹಳದಿ ದೀಪನಾ?” ಎಂದಳು.

“ಹಳದಿ ಅತ್ತೆ.”

“ಹಂಗಾರೆ ಅಷ್ಟೇನಿಲ್ಲ ಬಿಡು. ನಾಳೆ ದೃಷ್ಟಿ ತೆಗೀತೀನಿ.”

“ಅಮ್ಮ, ನೀನು ಸುಮ್ನಿರು,” ಎಂದ ಉಮೇಶ್. “ನಡುದಾರೀಲಿ ನಿಂತ್ರೆ ಯಾರು ಹೋಗ್ತಾರೆ? ನಂಗೆ ಕಾರು ಬಿಡಕ್ಕೆ ಬರೂದಿಲ್ಲ. ಹೇಮಾ, ಒಂದು ಕೆಲಸ ಮಾಡು. ದೀಪ ಆರೋವರೆಗೂ ಸಾಗರದಲ್ಲಿ ಮತ್ತೆ ರೂಮು ಮಾಡ್ಕಂಡಿರು.”

ಮಗಳು ಶಿಲ್ಪಶ್ರೀಯ ಕೈ ತಟ್ಟೆಯಲ್ಲೇ ನಿಂತಿತು.

ರೂಮು ಎಂದರೆ ಆ ಮನೆಯಲ್ಲಿ ಯಾರಿಗೂ ಆಗದ ಮಾತು. ಹೇಮಾವತಿ ಸಾಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಗ್ಗೆ ಏಳೂವರೆಗೇ ಬಾಗಿಲಲ್ಲಿ ನಿಂತಿರುತ್ತಾರೆ. ಸೇತುವೆ ಇಲ್ಲದ ಕಾಲದಲ್ಲಿ ಹಿನ್ನೀರು ದಾಟಿಸುವ ಲಾಂಚಿನ ಹೊತ್ತು ನಂಬಿಕೊಂಡು ದಿನಾ ಹೋಗಿ ಬರುವುದು ಆಗದ ಮಾತಾಗಿತ್ತು. ಆರು ವರ್ಷ ಅವಳು ಸೋಮವಾರ ಬೆಳಗ್ಗೆ ಹೊಳೆ ದಾಟಿ ಹೋದರೆ ಮನೆ ಕಾಣುತ್ತಿದ್ದುದು ಶನಿವಾರ ಸಂಜೆ. ಎರಡನೇ ಕ್ಲಾಸಿನ ಶಿಲ್ಪಶ್ರೀ ಆ ಆರು ವರ್ಷದಲ್ಲಿ ತನ್ನ ಜಡೆ ತಾನೇ ಹಾಕಿಕೊಳ್ಳುವುದನ್ನು ಕಲಿತಳು. ಸೇತುವೆ ಆದ ಮೇಲೆ ಹೇಮಾವತಿ ಡ್ರೈವಿಂಗ್ ಕಲಿತು, ಐದು ವರ್ಷ ಓಡಿದ ಒಂದು ಸಣ್ಣ ಕಾರು ಕೊಂಡು, ಬೆಳಗ್ಗೆ ಆರಕ್ಕೆ ಹೊರಟು ಸಂಜೆ ಏಳರೊಳಗೆ ಮನೆ ಸೇರತೊಡಗಿದಳು. ಶಿಲ್ಪಶ್ರೀಗೆ ಈಗ ಹದಿನಾಲ್ಕು. ಜಡೆ ಹಾಕಿಕೊಳ್ಳಲು ಚೆನ್ನಾಗಿ ಬರುತ್ತದೆ. ಆದರೂ ದಿನಾ ಸಂಜೆ ಬಾಚಣಿಗೆ ಹಿಡಿದು ಅಮ್ಮನ ಮುಂದೆ ಬಂದು ಕೂರುತ್ತಾಳೆ.

ಇಷ್ಟು ಹೊತ್ತು ಮಾತಾಡದೆ ಉಣ್ಣುತ್ತಿದ್ದವನು ಮಾವ ಹುಲಿಯಪ್ಪ. ಅವನು ಕೈ ತೊಳೆದು ಎದ್ದ. “ರೂಮು ಗೀಮು ಎಂತದೂ ಬ್ಯಾಡ. ಗಾಡಿ ನಾನು ನೋಡ್ತೀನಿ.”

ಹುಲಿಯಪ್ಪ ಇಪ್ಪತ್ತೊಂಬತ್ತು ವರ್ಷ ಲಾಂಚಿನ ಇಂಜಿನ್ ನೋಡಿಕೊಂಡಿದ್ದವನು. ಸೇತುವೆಯಾದ ವರ್ಷವೇ ಅವನ ಕೆಲಸವೂ ಮುಗಿಯಿತು. ಆ ಇಂಜಿನ್ ಕೆಮ್ಮಿದರೆ ಯಾಕೆ ಕೆಮ್ಮಿತು ಎಂದು ಅವನು ಮಲಗಿದಲ್ಲಿಂದಲೇ ಹೇಳಬಲ್ಲವನಾಗಿದ್ದ. ಮನೆಯಲ್ಲಿ ಕೂತ ಮೇಲೆ ಅವನ ಕಿವಿಗೆ ಕೇಳಲು ಏನೂ ಉಳಿಯಲಿಲ್ಲ. ದುರ್ಗಮ್ಮನ ಮಿಕ್ಸಿಯನ್ನು ಎರಡು ಸಲ ಬಿಚ್ಚಿ ಜೋಡಿಸಿದ. ಮೂರನೇ ಸಲಕ್ಕೆ ಅವಳು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಳು.

ಆ ಭಾನುವಾರ ತುಮರಿಯಲ್ಲಿ ನೆಂಟರ ಮನೆಯ ನಾಮಕರಣ. ಎಲ್ಲರೂ ಬಸ್ಸಿಗೆ ಹೋದರು. ಹುಲಿಯಪ್ಪ ಮಂಡಿ ನೋವು ಎಂದು ಹೇಳಿ ಉಳಿದುಕೊಂಡ. ಬಸ್ಸು ತಿರುವು ದಾಟುತ್ತಲೇ ಮಂಡಿ ನೋವು ವಾಸಿಯಾಯಿತು. ಮೊಳೆಯಲ್ಲಿ ನೇತಾಡುತ್ತಿದ್ದ ಕೀ ತೆಗೆದು, ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದ. ಅದರ ತುದಿಯನ್ನು ಎರಡು ಬೆರಳಿನ ನಡುವೆ ಉಜ್ಜಿದವನೇ ಬೆಚ್ಚಿದ. ಆಯಿಲ್ ನೀರಿನ ಹಾಗಿತ್ತು. ಬೆರಳಿಗೆ ಹಿಡಿಯುತ್ತಲೇ ಇರಲಿಲ್ಲ.

ಲಾಂಚಿನಲ್ಲಿ ಆಯಿಲ್ ಹಾಗಾಯಿತೆಂದರೆ ಡೀಸೆಲ್ ಸೋರಿ ಅದಕ್ಕೆ ಸೇರುತ್ತಿದೆ ಎಂದು ಅರ್ಥ. ಅಂಥ ಇಂಜಿನ್ ಹೆಚ್ಚು ದಿನ ಬಾಳುವುದಿಲ್ಲ. ಸೊಸೆ ಇದನ್ನು ನಂಬಿಕೊಂಡು ದಿನಾ ಸಾಗರಕ್ಕೆ ಹೋಗಿ ಬರುತ್ತಾಳಲ್ಲ ಎಂದು ಹೆದರಿದ. ಮಗನಿಗೆ ಗೊತ್ತಾದರೆ ನಾಳೆಯೇ ರೂಮು. ಹುಲಿಯಪ್ಪ ಅಂಗಡಿಗೆ ಹೋಗಿ ತಾನು ಇಪ್ಪತ್ತೊಂಬತ್ತು ವರ್ಷ ನಂಬಿದ್ದ ಗಟ್ಟಿ ಆಯಿಲಿನ ಡಬ್ಬಿ ತಂದ. ಜಾಕಿ ಕೊಟ್ಟು ಕಾರು ಎತ್ತಿ, ಕೆಳಗೆ ಜಂಬಿಟ್ಟಿಗೆ ಕಲ್ಲು ಕೊಟ್ಟು, ಗೋಣಿ ಹಾಸಿ ಮಲಗಿ, ಹಳೆಯದನ್ನೆಲ್ಲ ಬಸಿದ. ಹೊಸದನ್ನು ಕಡ್ಡಿಯ ಗೆರೆಗಿಂತ ಒಂದು ಬೆರಳು ಮೇಲೆ ಬರುವಂತೆ ತುಂಬಿದ. ಲಾಂಚು ಓಲಾಡುತ್ತದೆ, ಒಳಗೆ ಆಯಿಲ್ ಒಂದು ಕಡೆ ಸರಿಯುತ್ತದೆ. ಅದಕ್ಕೇ ಅವನು ಯಾವತ್ತೂ ಒಂದು ಬೆರಳು ಹೆಚ್ಚಿಗೆ ಹಾಕುತ್ತಿದ್ದ. ಕಾರು ಓಲಾಡುವುದಿಲ್ಲ ಎಂದು ಕೈಗೆ ಹೊಳೆಯಲಿಲ್ಲ.

ಎಲ್ಲ ಮುಗಿಸಿ ಕೀ ತಿರುಗಿಸಿದ. ಹಳದಿ ಸ್ಪ್ಯಾನರ್ ಹಾಗೇ ಇತ್ತು.

ಐದು ನಿಮಿಷ ಬಿಟ್ಟು ನೋಡಿದ. ಒಂದು ತಾಸು ಬಿಟ್ಟು ನೋಡಿದ. ಎಲ್ಲ ನಟ್ಟುಗಳನ್ನೂ ಮುಟ್ಟಿ ಮುಟ್ಟಿ ನೋಡಿದ. ಸಂಜೆ ಮನೆಯವರು ಬಂದಾಗ ಅವನು ಜಗಲಿಯ ಮೇಲೆ ಕೈ ತಿರುಗಿಸಿ ನೋಡಿಕೊಳ್ಳುತ್ತ ಕೂತಿದ್ದ.

“ಉಗುರೆಲ್ಲ ಎಂತ ಹಿಂಗೆ ಕಪ್ಪಾಗೈತೆ?” ಎಂದಳು ದುರ್ಗಮ್ಮ, ತಟ್ಟೆ ಇಡುತ್ತ.

“ಹಿತ್ತಲ ಗೇಟಿಗೆ ಗ್ರೀಸ್ ಹಚ್ಚಿದೆ.”

“ಆ ಗೇಟು ಮುರಿದು ಎರಡು ವರ್ಷ ಆತು.”

ಹುಲಿಯಪ್ಪ ಒಂದೇ ರೊಟ್ಟಿ ತಿಂದು ಎದ್ದ. ಹೇಮಾವತಿ ಕಟ್ಟಿಗೆ ತರಲು ಕೊಟ್ಟಿಗೆಗೆ ಹೋದಾಗ ಅಲ್ಲಿ ಮರೆಮಾಡಿಟ್ಟ ಡಬ್ಬಿ, ಕಪ್ಪಾದ ಗೋಣಿ ಎರಡೂ ಕಂಡವು. ಅವಳಿಗೆ ಅರ್ಥವಾಯಿತು. ಮಾವ ಮಾಡಿದ್ದಾರೆ ಎಂದ ಮೇಲೆ ಸರಿಯಾಗಿಯೇ ಮಾಡಿರುತ್ತಾರೆ, ಹೇಳಿಕೊಳ್ಳಲು ಸಂಕೋಚ ಅಷ್ಟೇ ಎಂದುಕೊಂಡಳು. ಅವಳಿಗೆ ಖುಷಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಸೋಮವಾರ ಬೆಳಗ್ಗೆ ಚಳಿಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ. ನರಳಿ, ಒಳಗೆ ಟಕಟಕ ಎಂದು, ಆಮೇಲೆ ಹಿಡಿದುಕೊಂಡಿತು. ಬಚ್ಚಲ ಹತ್ತಿರ ಹಲ್ಲುಜ್ಜುತ್ತಿದ್ದ ಹುಲಿಯಪ್ಪನ ಕೈ ನಿಂತಿತು. ಮಂಗಳವಾರವೂ ಅದೇ ಶಬ್ದ. ಬುಧವಾರ ಅವನು ಹಲ್ಲುಜ್ಜಲು ಹೋಗಲೇ ಇಲ್ಲ. ಗೇಟಿನಲ್ಲಿ ನಿಂತು ಸೇತುವೆ ಕಡೆಗೆ ಕಾರು ಮರೆಯಾಗುವವರೆಗೂ ಕಿವಿ ಕೊಟ್ಟ. ಸಂಜೆ ಏಳು ಹೊಡೆಯುವ ಮೊದಲೇ ಅದೇ ಗೇಟಿನಲ್ಲಿ ಮತ್ತೆ ನಿಂತಿದ್ದ.

“ಗಾಡಿ ಹೆಂಗೈತೆ?” ಎಂದು ಕೇಳಿದ.

“ಚೂರು ಭಾರ ಎಳೀತದೆ ಮಾವ. ಅಷ್ಟೇ.”

ಗುರುವಾರ ಸಂಜೆ ಶಿಲ್ಪಶ್ರೀ ಕಾರಿನೊಳಗಿದ್ದ ಪುಸ್ತಕ ತಂದು ಅಜ್ಜನ ಪಕ್ಕ ಕೂತಳು. ಅಮ್ಮ ರೂಮಿಗೆ ಹೋಗಬಾರದು ಎಂದು ಅವಳೂ ತನ್ನ ಪಾಡಿಗೆ ಪ್ರಯತ್ನ ಶುರುಮಾಡಿದ್ದಳು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವಳು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು.

“ಅಜ್ಜ, ಹಳದಿ ಸ್ಪ್ಯಾನರ್ ಅಂದ್ರೆ ಕೆಟ್ಟಿದೆ ಅಂತ ಅಲ್ವಂತೆ. ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ತನ್ನಷ್ಟಕ್ಕೆ ಹತ್ತತ್ತಂತೆ. ಸರ್ವೀಸ್ ಮಾಡಿಸಿ ಅಂತ ನೆನಪು ಮಾಡಕ್ಕೆ.”

“ಮತ್ತೆ ಆಯಿಲ್ ಬದಲು ಮಾಡಿದ್ರೆ ಆರಬೇಕಲ್ಲ?”

“ಇಲ್ಲ. ಅದಕ್ಕೆ ಆಯಿಲ್ ಗೊತ್ತೇ ಆಗಲ್ಲ. ಸರ್ವೀಸ್ ಮಾಡಿದವರು ಬಟನ್ ಒತ್ತಿ ಆರಿಸ್ಬೇಕು. ಅಲ್ಲೀವರೆಗೂ ಎಂತ ಮಾಡಿದ್ರೂ ಹತ್ಕೊಂಡೇ ಇರತ್ತೆ.”

ಹುಲಿಯಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡ. ಅಂದರೆ ದೀಪ ಆರದಿದ್ದುದು ತನ್ನ ಕೈಯ ತಪ್ಪಲ್ಲ. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು.

“ಇದು ನೋಡಿ, ಕೆಂಪು ಗಿಂಡಿ,” ಶಿಲ್ಪಶ್ರೀ ಚಿತ್ರ ತೋರಿಸಿದಳು. “ಇದು ಹತ್ತಿದ್ರೆ ಮಾತ್ರ ಆಗಿಂದಾಗ್ಲೇ ನಿಲ್ಲಿಸ್ಬೇಕಂತೆ. ಆಯಿಲ್ ಒತ್ತಡ ಇಲ್ಲ ಅಂತ. ಆಮೇಲೆ ಇಲ್ಲಿ ಇದೆ, ಈ ಕಾರಿಗೆ ತೆಳು ಆಯಿಲ್ಲೇ ಹಾಕ್ಬೇಕು, ಗಟ್ಟಿ ಹಾಕ್ಬಾರ್ದು. ಮೇಲಿನ ಗೆರೆ ದಾಟ್ಬಾರ್ದು. ದಾಟಿದ್ರೆ ಇಂಜಿನ್ನಿಗೆ ಪೆಟ್ಟು.”

ಇಳಿದ ಕಲ್ಲು ಮತ್ತೆ ಬಂದು ಕೂತಿತು.

“ತೆಳು ಅಂದ್ರೆ ಎಷ್ಟು ತೆಳು?”

“ನಂಬರ್ ಕೊಟ್ಟಿದಾರೆ. ಯಾಕಜ್ಜ?”

ಅವನು ಎದ್ದು ಕೊಟ್ಟಿಗೆಗೆ ಹೋಗಿ ಡಬ್ಬಿಯ ಮೇಲಿನ ನಂಬರ್ ನೋಡಿಕೊಂಡು ಬಂದ. ಪುಸ್ತಕದ್ದೇ ಬೇರೆ, ಡಬ್ಬಿಯದೇ ಬೇರೆ. ಒಳಗೆ ಉಮೇಶ್ ಹೆಂಡತಿಗೆ ರೂಮಿನ ಮಾತನ್ನೇ ಮತ್ತೆ ತೆಗೆದಿದ್ದ. ಬೆಳಗ್ಗಿನ ಶಬ್ದ ಅವನಿಗೂ ಕೇಳಿಸಿತ್ತು. ಹುಲಿಯಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಹೇಮಾ, ನಾಳೆ ನಾನೂ ಸಾಗರಕ್ಕೆ ಬರ್ತೀನಿ” ಎಂದ.

“ಎಂತಕ್ಕೆ ಮಾವ?”

“ಕನ್ನಡಕ ಮಾಡಿಸ್ಬೇಕು.”

ದಾರಿಯುದ್ದಕ್ಕೂ ಅವನ ಕಣ್ಣು ಡ್ಯಾಶ್‌ಬೋರ್ಡ್ ಬಿಟ್ಟು ಅಲ್ಲಾಡಲಿಲ್ಲ. “ನಿಧಾನ ಹೋಗು. ಗಿಂಡಿ ಥರದ್ದು ಕೆಂಪಗೆ ಹತ್ತಿದ್ರೆ ಅಲ್ಲೇ ನಿಲ್ಸು” ಎಂದ. ಸೇತುವೆಯ ಮೇಲೆ ಹೇಳಿಬಿಡಬೇಕೆಂದು ಬಾಯಿ ತೆರೆದ. ಸೇತುವೆ ಮುಗಿದೇ ಹೋಯಿತು. ಇಂಜಿನ್ ಗದ್ದಲದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದವನಿಗೆ ಮಾತಿನ ಅಭ್ಯಾಸ ಕಡಿಮೆ. ತಪ್ಪೊಪ್ಪಿಕೊಳ್ಳುವ ಅಭ್ಯಾಸವಂತೂ ಇನ್ನೂ ಕಡಿಮೆ.

ಲ್ಯಾಬಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಯವರ ನಡುವೆ ಕೂತ. ಪಕ್ಕದಲ್ಲಿದ್ದ ಮುದುಕ, “ನಿಮಗೂ ಶುಗರ್ರಾ?” ಎಂದು ಕೇಳಿದ.

“ಇಲ್ಲ, ಆಯಿಲ್ಲು,” ಎಂದ ಹುಲಿಯಪ್ಪ. ಮುದುಕ ಅದು ಹೊಸ ಕಾಯಿಲೆ ಇರಬೇಕೆಂದು ಸುಮ್ಮನಾದ.

ಹತ್ತು ಗಂಟೆಗೆ ರಕ್ತ ತೆಗೆಯುವುದು ಮುಗಿಯಿತು. ಹೇಮಾವತಿ ಕನ್ನಡಕದ ಅಂಗಡಿ ಕಡೆಗೆ ಹೆಜ್ಜೆ ಹಾಕಿದಳು. ಹುಲಿಯಪ್ಪ ಕದಲಲಿಲ್ಲ.

“ಸರ್ವೀಸ್ ಮಾಡೋರ ಹತ್ರ ಹೋಗಾಣ. ಮೊದ್ಲು ಅದು.”

ಅಲ್ಲಿ ಮೇಜಿನ ಹಿಂದೆ ಮೇಘನಾ ಎಂಬ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು. “ಇಪ್ಪತ್ತೆರಡಕ್ಕೆ ನಿಮ್ಮ ಬುಕಿಂಗ್ ಇದೆಯಲ್ಲ ಮೇಡಂ. ಇವತ್ತು ಫುಲ್.”

“ಸರಿ ಬಿಡಿ,” ಹೇಮಾವತಿ ತಿರುಗಿದಳು. “ಹಳದಿ ದೀಪ ಅಷ್ಟೇ ಮಾವ. ಆ ದಿವಸವೇ ತರ್ತೀನಿ.”

“ಆಗೂದಿಲ್ಲ,” ಎಂದ ಹುಲಿಯಪ್ಪ. ಅವನ ದನಿ ಲಾಂಚಿನ ಮೇಲಿನವರಿಗೆ ಕೂಗಿ ಹೇಳುವಷ್ಟು ದೊಡ್ಡದಿತ್ತು. ಕುರ್ಚಿಯಲ್ಲಿ ಕಾಯುತ್ತಿದ್ದ ನಾಲ್ಕಾರು ಜನ ತಲೆ ಎತ್ತಿದರು. “ಈ ಗಾಡಿ ಇನ್ನು ಒಂದು ಮೈಲೀನೂ ಓಡ್ಬಾರ್ದು. ತಪ್ಪು ಆಯಿಲ್ ಹಾಕೈತೆ.”

“ಯಾರು ಹಾಕಿದ್ದು?” ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಹಿರಿಯ ಮೆಕ್ಯಾನಿಕ್ ಕೆರಿಯಪ್ಪ ಕೇಳಿದ.

“ನಾನೇ ಹಾಕಿಸಿದ್ದು,” ಎಂದಳು ಹೇಮಾವತಿ ತಕ್ಷಣ.

ಹುಲಿಯಪ್ಪ ಸೊಸೆಯ ಮುಖ ನೋಡಿದ. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು. “ಇವಳು ಸುಳ್ಳು ಹೇಳ್ತಾಳೆ. ಹಾಕಿದ್ದು ನಾನು. ಲಾಂಚಿಗೆ ಹಾಕೋ ಗಟ್ಟಿ ಆಯಿಲ್ಲು. ಗೆರೆ ಮೇಲೆ ಒಂದು ಬೆರಳು.”

ಕುರ್ಚಿಯಲ್ಲಿದ್ದ ಯಾರೋ ನಕ್ಕರು. ಕೆರಿಯಪ್ಪ ನಗಲಿಲ್ಲ. “ತೆಳ್ಳಗಿತ್ತು ಅಂತ ತೆಗೆದ್ರಾ?”

“ಹೂಂ. ಡೀಸೆಲ್ ಸೇರೈತೆ ಅಂದ್ಕಂಡೆ.”

“ಲಾಂಚಲ್ಲಿ ಆಗಿದ್ರೆ ನಿಮ್ಮ ಲೆಕ್ಕ ಸರಿಯೇ. ಇದು ಹೊಸದಿದ್ದಾಗ್ಲೇ ತೆಳ್ಳಗಿರೋ ಆಯಿಲ್ಲು. ಇದರ ಒಳಗಿನ ಸಂದು ಅಷ್ಟು ಸಣ್ಣ. ಗಟ್ಟಿ ಆಯಿಲ್ ಅಲ್ಲಿಗೆ ಹೋಗಿ ಮುಟ್ಟೋವರೆಗೂ ಇಂಜಿನ್ ಒಣಗಿ ಒದ್ದಾಡ್ತದೆ. ಎಷ್ಟು ದಿನ ಆಯ್ತು?”

“ಐದು.”

“ಹಂಗಾದ್ರೆ ಬಚಾವು. ಒಳಗೆ ಬನ್ನಿ. ಮೇಘನಾ, ಇದನ್ನ ನಂಗೆ ಹಾಕಮ್ಮ. ಊಟದ ಹೊತ್ತಲ್ಲಿ ಮಾಡ್ತೀನಿ.”

ಹೇಮಾವತಿ ಲ್ಯಾಬಿಗೆ ಹೋದಳು. ಹುಲಿಯಪ್ಪ ಅಲ್ಲೇ ನಿಂತು ಎಲ್ಲ ನೋಡಿದ. ಆಯಿಲ್ ಬದಲಾಯಿತು, ಅದರ ಫಿಲ್ಟರ್ ಬದಲಾಯಿತು. ಕೆರಿಯಪ್ಪ ಗಾಳಿಯ ಫಿಲ್ಟರ್ ತೆಗೆದು ನೆಲಕ್ಕೆ ಬಡಿದಾಗ ಹಿಡಿ ಕೆಂಪು ಧೂಳು ಉದುರಿತು. “ದೀಪಕ್ಕೆ ಮೈಲಿ ಎಣಿಸಕ್ಕೆ ಮಾತ್ರ ಬರ್ತದೆ. ಈ ಧೂಳು ಅದಕ್ಕೆ ಕಾಣಲ್ಲ,” ಎಂದ. “ಬ್ರೇಕ್ ಸವೆದಿದ್ದು, ಟೈರಿನ ಗಾಳಿ, ರೇಡಿಯೇಟರ್ ನೀರು ಎಲ್ಲ ಮನೇಲಿ ಒಬ್ಬರು ನೋಡ್ತಾ ಇರ್ಬೇಕು. ಪುಸ್ತಕ ನೋಡ್ಕೊಂಡು ನೋಡಿ ಅಷ್ಟೇ.” ಕೊನೆಗೆ ಒಳಗೆ ಕೂತು ಒಂದು ಬಟನ್ ಒತ್ತಿ ಹಿಡಿದು ಕೀ ತಿರುಗಿಸಿದ. ಹಳದಿ ಸ್ಪ್ಯಾನರ್ ಎರಡು ಸಲ ಮಿಣುಕಿ ಹೋಯಿತು. ಇಷ್ಟಕ್ಕೆ ಇಷ್ಟು ದಿನ ಕಾಡಿತಲ್ಲ ಎಂದು ಹುಲಿಯಪ್ಪನಿಗೆ ಸಿಟ್ಟೇ ಬಂತು.

ಸಂಜೆ ಮನೆಗೆ ಬರುವ ದಾರಿಯಲ್ಲಿ ಹೇಮಾವತಿ, “ಮನೇಲಿ ಎಂತದೂ ಹೇಳದು ಬೇಡ ಮಾವ. ಸರ್ವೀಸ್ ಆಯ್ತು ಅಂದ್ರೆ ಸಾಕು” ಎಂದಳು. ಅವನು ಹೂಂ ಎನ್ನಲಿಲ್ಲ. ಊಟಕ್ಕೆ ಕೂತು ಮೊದಲ ತುತ್ತು ಎತ್ತುವ ಮೊದಲೇ ನಡೆದದ್ದೆಲ್ಲ ಹೇಳಿದ. ಗೆರೆ ಮೇಲಿನ ಒಂದು ಬೆರಳನ್ನೂ ಬಿಡಲಿಲ್ಲ.

ಉಮೇಶ್ ತಟ್ಟೆ ಸರಿಸಿದ. “ಯಾರು ಹೇಳಿದ್ರು ನಿಮಗೆ ಅದಕ್ಕೆ ಕೈ ಹಾಕಿ ಅಂತ? ಸೇತುವೆ ಮೇಲೆ ಇಂಜಿನ್ ಹೋಗಿದ್ರೆ? ಐದು ದಿನ ಅದೇ ಗಾಡೀಲಿ ಹೋಗ್ಯಾಳೆ.”

“ಉಮೇಶ, ಮೆಲ್ಲಗೆ ಮಾತಾಡು,” ಎಂದಳು ದುರ್ಗಮ್ಮ.

“ಎಂತ ಮೆಲ್ಲಗೆ ಅಮ್ಮ? ನಂಗೆ ಎಷ್ಟು ಹೆದರಿಕೆ ಆಗತ್ತೆ ಅಂತ ಯಾರಿಗಾದ್ರೂ ಗೊತ್ತಾ? ಏಳು ಗಂಟೆ ಆದ್ರೆ ಗಿರಣೀಲಿ ಕೈಕಾಲು ಆಡಲ್ಲ ನಂಗೆ.” ಅವನ ದನಿ ಒಡೆಯಿತು. “ಅಪ್ಪಯ್ಯ, ಇನ್ನು ನೀವು ಆ ಗಾಡಿ ಮುಟ್ಬೇಡಿ. ಹೇಮಾ, ನೀನೂ ರೂಮು ನೋಡ್ಕೊ. ವಾರಕ್ಕೊಂದ್ಸಲ ಬಂದ್ರೂ ಸಾಕು, ನೀನು ನೆಟ್ಟಗಿದ್ರೆ ಸಾಕು.”

ಶಿಲ್ಪಶ್ರೀ ತಲೆ ತಗ್ಗಿಸಿದಳು. ಹುಲಿಯಪ್ಪ ತನ್ನ ಕೈ ನೋಡಿಕೊಂಡ.

“ಮುಟ್ಟೂದಿಲ್ಲ ಮಾರಾಯ, ಬಿಡು,” ಎಂದ. “ಆದ್ರೆ ಅವಳನ್ನ ಮಾತ್ರ ಕಳಿಸ್ಬೇಡ. ಆರು ವರ್ಷ ಸೋಮವಾರ ಸೋಮವಾರ ಲಾಂಚು ಬಿಟ್ಟ ಕೂಡ್ಲೇ ಇವಳು ದಡಕ್ಕೆ ಬೆನ್ನು ಮಾಡಿ ನಿಂತ್ಕಳ್ಳೋಳು. ಅಳೋದು ದಡದಲ್ಲಿ ನಿಂತ ಮಗಳಿಗೆ ಕಾಣ್ಬಾರ್ದು ಅಂತ. ದಡಕ್ಕೆ ಬೆನ್ನು ಮಾಡಿದ್ರೆ ಮುಖ ಇಂಜಿನ್ ರೂಮಿನ ಕಿಂಡಿಗೆ ಬರ್ತಿತ್ತು. ಕೆಳಗೆ ನಾನಿರ್ತಿದ್ದೆ. ನಂಗೆ ಕಾಣ್ತದೆ ಅಂತ ಇವಳಿಗೆ ಗೊತ್ತಿರ್ಲಿಲ್ಲ. ಆಚೆ ದಡದವರೆಗೂ ಕಣ್ಣು ಒರೆಸ್ಕೊಳ್ತಾ ಇರೋಳು. ನಾನು ನೋಡ್ತಾ ನೋಡ್ತಾ ಇಂಜಿನ್ ಓಡಿಸ್ತಿದ್ದೆ. ವಾರ ವಾರ ಇವಳನ್ನ ಮನೆ ಬಿಡಿಸಿ ದಾಟಿಸಿದವನು ನಾನೇ ಕಣೋ. ಈಗ ಇವಳನ್ನ ದಿನಾ ಮನೆಗೆ ತರೋ ಇಂಜಿನ್ ಒಂದು ಬಂದೈತೆ. ಅದು ನಿಲ್ಬಾರ್ದು ಅಂತ ಕೈ ಹಾಕ್ದೆ.”

ಆರು ವರ್ಷ ತನ್ನ ಅಳು ಯಾರಿಗೂ ಕಂಡಿಲ್ಲ ಎಂದೇ ತಿಳಿದಿದ್ದ ಹೇಮಾವತಿ ಮಾವನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಈ ಸಲ ಅವಳು ಯಾರಿಗೂ ಬೆನ್ನು ಮಾಡಲಿಲ್ಲ. ದುರ್ಗಮ್ಮ ಕೇಳದೆಯೇ ಎಲ್ಲರ ತಟ್ಟೆಗೂ ಒಂದೊಂದು ರೊಟ್ಟಿ ಹಾಕಿದಳು. ಉಮೇಶ್ ಸರಿಸಿದ್ದ ತಟ್ಟೆಯನ್ನು ಅವಳೇ ಅವನ ಮುಂದಕ್ಕೆ ದೂಡಿದಳು.

“ಮಾವ,” ಎಂದಳು ಹೇಮಾವತಿ. “ನಾಳೆ ಆರಕ್ಕೆ ಹೊರಡ್ಬೇಕು. ಒಂದ್ಸಲ ಆಯಿಲ್ ನೋಡಿ ಕೊಡ್ತೀರಾ?”

ಹುಲಿಯಪ್ಪ ಮಗನ ಕಡೆ ನೋಡಿದ. ಉಮೇಶ್ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

“ಐದೂವರೆಗೆ ನೋಡ್ತೀನಿ,” ಎಂದ ಹುಲಿಯಪ್ಪ ಮೆಲ್ಲಗೆ. “ಇಂಜಿನ್ ತಣ್ಣಗಿರ್ಬೇಕು.”

“ನನ್ನನ್ನೂ ಏಳಿಸಿ ಅಪ್ಪಯ್ಯ,” ಎಂದ ಉಮೇಶ್. “ಆಗ ಕತ್ತಲಿರತ್ತೆ. ಟಾರ್ಚು ನಾನು ಹಿಡೀತೀನಿ.”